‘ಕೃಪಾಪೋಷಿತ’ ಎಂಬ ಮಾತೂ ಕೋಲಾರ ಸೀಮೆಯ ನಾಟಕಕಾಲವೂ

ಕಾರ್ತಿಕಮಾಸವು ಕಳೆದು, ರಾಗಿಯ ಹೊರೆಗಳು ಕಣಕ್ಕೆ ಬಂದು, ಒಕ್ಕಣೆಯ ಸದ್ದು ಅಡಗುವ ಹೊತ್ತಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಗೋಡೆಗೋಡೆಗೂ ಬಣ್ಣದ ಕಾಗದಗಳು ಕಾಣಿಸಿಕೊಳ್ಳುವುವು. ಕಾಗದದ ತಲೆಯ ಮೇಲೆ ಗ್ರಾಮದೇವತೆಯ ಹೆಸರು, ಅದರ ಕೆಳಗೆ ಇಂಥ ಸ್ವಾಮಿಯವರ ‘ಕೃಪಾಪೋಷಿತ ನಾಟಕಮಂಡಳಿ’ ಎಂಬ ಒಕ್ಕಣೆ, ಅದರ ಕೆಳಗೆ ದಪ್ಪಕ್ಷರಗಳಲ್ಲಿ ‘ಕುರುಕ್ಷೇತ್ರ’ವೋ ‘ಲವಕುಶ’ವೋ ‘ರೇಣುಕಾ ಮಹಾತ್ಮೆ’ಯೋ, ಉಳಿದ ಸ್ಥಳದಲ್ಲೆಲ್ಲ ಪಾತ್ರಧಾರಿಗಳ ಚಿತ್ರಗಳು. ಅಂದಿನಿಂದ ಯುಗಾದಿಯವರೆಗೆ ಈ ಸೀಮೆಗೆ ನಾಟಕಕಾಲ. ಈ ಸಲದ ಕಾಲವೂ ಇನ್ನು ಕೆಲವೇ ವಾರಗಳಲ್ಲಿ ಬರಲಿದೆ.

ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುವ ಈ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ನನಗೆ ರೂಢಿಯಾದ ಶಾಸ್ತ್ರವಿಚಾರವನ್ನು ಬದಿಗಿರಿಸಿ, ಆ ಬಣ್ಣದ ಕಾಗದದ ಮೇಲಿನ ಒಂದೇ ಒಂದು ಪದವನ್ನು ಹಿಡಿದು ಬರೆಯಬೇಕೆಂದು ತೋರಿತು. ಕೃಪೆಯಿಂದ ಪೋಷಿತವಾದುದು ಕೃಪಾಪೋಷಿತ, ತೃತೀಯಾ ತತ್ಪುರುಷ. ವ್ಯಾಕರಣವು ಇಷ್ಟಕ್ಕೆ ಮುಗಿಯಿತು. ಆದರೆ ಚರಿತ್ರೆಯು ಇಷ್ಟಕ್ಕೆ ಮುಗಿಯಲೊಲ್ಲದು. ಯಾರ ಕೃಪೆ? ಯಾರಿಗೆ ಪೋಷಣೆ? ನಾಟಕದವರನ್ನು ಗುರುಪೀಠಗಳು ಪೋಷಿಸಿದುವೆಂದು ಈ ಪದವನ್ನು ಓದಿದವರು ತಿಳಿಯುವುದು ಸಹಜ. ವಾಸ್ತವದಲ್ಲಿ ಹಾಗೆ ನಡೆದುದು ಎಷ್ಟರ ಮಟ್ಟಿಗೆ ಎಂಬುದನ್ನು ಭಕ್ತಮಹಾಶಯರೊಡನೆ ಕೂಡಿ ವಿಚಾರಮಾಡುವುದೇ ಈ ಬರಹದ ಉದ್ದೇಶ.

ಪೂರ್ವದ ಸ್ಮೃತಿಕಾರರು ನಟರ ವಿಷಯದಲ್ಲಿ ಕಠಿನರಾಗಿದ್ದರು. ಯಾರ ಅನ್ನವನ್ನು ಉಣ್ಣಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಕೊಟ್ಟಿರುವ ಪಟ್ಟಿಯಲ್ಲಿ ಶೈಲೂಷನೂ, ಎಂದರೆ ನಟನೂ, ಸೇರಿದ್ದಾನೆ. ಭರತನ ನಾಟ್ಯಶಾಸ್ತ್ರದ ಕೊನೆಯಲ್ಲಿಯೂ ಒಂದು ಕಥೆಯುಂಟು: ಭರತನ ಮಕ್ಕಳು ಋಷಿಗಳನ್ನು ಹಾಸ್ಯಮಾಡಿ ಆಡಿದರೆಂದು ಋಷಿಗಳು ಕೆರಳಿ ಅವರಿಗೆ ಶಾಪವಿತ್ತರು, ತರುವಾಯ ನಹುಷರಾಜನ ಪ್ರಾರ್ಥನೆಯಂತೆ ನಾಟ್ಯವು ಭೂಮಿಗೆ ಇಳಿಯಿತು. ನಾಟ್ಯವನ್ನು ಐದನೆಯ ವೇದವೆಂದು ಹೊಗಳಿದ ಗ್ರಂಥವೇ ಅದನ್ನಾಡುವವರನ್ನು ಕೆಳಗಿಳಿಸಿ ಮುಗಿಯುವುದು ವಿಚಿತ್ರವಲ್ಲವೆ? ವಿದ್ಯೆಯು ಬೇಕು, ವಿದ್ಯಾವಂತನು ಬಾಗಿಲ ಹೊರಗಿರಲಿ ಎಂಬ ಈ ಭಾವವು ನಮ್ಮ ನಾಡಿನಲ್ಲಿ ಬಹುಕಾಲ ಉಳಿಯಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾತ್ರ ಈ ಬಾಗಿಲು ತೆರೆದುದನ್ನು ಕಾಣುತ್ತೇವೆ. ಅನುಭವಮಂಟಪದ ಶರಣರನ್ನು ಎಣಿಸುವಾಗ ನಾವು ಮಡಿವಾಳ, ಅಂಬಿಗ, ಮೇದಾರ, ಸಮಗಾರ ಎಂದು ಕಾಯಕಗಳನ್ನು ಹೇಳಿಕೊಂಡು ಹೋಗುವುದುಂಟು. ಆ ಸಾಲಿನಲ್ಲಿ ಬಹುರೂಪಿ ಚೌಡಯ್ಯನವರೂ ಇದ್ದಾರೆ. ರೇಕಳಿಕೆಯ ಈ ಶರಣರ ಕಾಯಕವೇ ಬಗೆಬಗೆಯ ವೇಷಗಳನ್ನು ಹಾಕಿ ಜನರ ಮುಂದೆ ಆಡುವುದು. ‘ರೇಕಣ್ಣಪ್ರಿಯ ನಾಗಿನಾಥ’ ಎಂಬುದು ಅವರ ಅಂಕಿತ. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಗಳು ಇನ್ನೊಬ್ಬರು. ಕಲಕೇತರ ಆಟವನ್ನು ಆಡುತ್ತಿದ್ದ ಕಲಕೇತಯ್ಯನವರು ಮತ್ತೊಬ್ಬರು. ಇವರು ವೇಷವನ್ನು ಕಳಚಿಟ್ಟು ಶರಣರಾದವರಲ್ಲ. ವೇಷವನ್ನು ಧರಿಸಿಕೊಂಡೇ ಶರಣರಾದವರು. ತಮ್ಮ ಆಟದ ಮಾತುಗಳಲ್ಲಿಯೇ ತತ್ತ್ವವನ್ನು ಹೇಳಿದರು. ನಮ್ಮ ಪಾಠಶಾಲೆಗಳಲ್ಲಿ ಇವರ ವಚನಗಳನ್ನು ಓದಿಸುವುದು ಕಡಮೆ. ಓದಿಸಿದರೂ ತತ್ತ್ವಾರ್ಥವನ್ನು ಹೇಳಿ ಮುಂದೆ ಹೋಗುವರೇ ಹೊರತು, ಇದನ್ನು ಹೇಳಿದವನು ಬಣ್ಣ ಬಳಿದುಕೊಂಡು ಬೀದಿಯಲ್ಲಿ ನಿಂತವನೆಂದು ಯಾರೂ ಹುಡುಗರಿಗೆ ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಹಲವು ಶತಮಾನಗಳನ್ನು ದಾಟಿ ಮೈಸೂರಿಗೆ ಬರೋಣ. ಆಧುನಿಕ ಕನ್ನಡ ರಂಗಭೂಮಿಗೆ ಅಡಿಗಲ್ಲನ್ನಿಟ್ಟವರಲ್ಲಿ ಅಗ್ರಗಣ್ಯರಾದ ಅಭಿನವ ಕಾಳಿದಾಸ ಬಸವಪ್ಪ ಶಾಸ್ತ್ರಿಗಳು (೧೮೪೩–೧೮೯೧) ವೀರಶೈವ ಪಂಡಿತರೆಂಬುದು ಸರ್ವವಿದಿತ. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದ ನಾಟಕಸಭೆಗಾಗಿ ಅವರು ಶಾಕುಂತಲವನ್ನೂ ಉತ್ತರರಾಮಚರಿತೆಯನ್ನೂ ಇತರ ಸಂಸ್ಕೃತ ನಾಟಕಗಳನ್ನೂ ಕನ್ನಡಿಸಿದರು; ಆಂಗ್ಲಕವಿಯ ‘ಒಥೆಲೊ’ವನ್ನು ‘ಶೂರಸೇನಚರಿತ್ರೆ’ಯಾಗಿ ಮಾಡಿದರು. ಸಂಪ್ರದಾಯದ ಪಾಠಕ್ರಮದಲ್ಲಿಯೇ ಬೆಳೆದ ಒಬ್ಬ ಪಂಡಿತರು ನಟರ ಬಾಯಿಗೆ ಮಾತು ಬರೆದುಕೊಡುವುದನ್ನು ಅಗೌರವವೆಂದು ಎಣಿಸಲಿಲ್ಲ. ಆದರೆ ಅಲ್ಲಿ ಪೋಷಣೆ ಅರಮನೆಯದು.

‘ಕೃಪಾಪೋಷಿತ’ ಎಂಬ ಹೆಸರು ನಾಡಿಗೆಲ್ಲ ಪರಿಚಯವಾದುದು ತುಮಕೂರು ಸೀಮೆಯ ಗುಬ್ಬಿಯಿಂದ. ೧೮೮೪ನೆಯ ಇಸವಿಯಲ್ಲಿ ಚಂದಣ್ಣನವರೇ ಮೊದಲಾದವರು ಕೂಡಿ ಕಟ್ಟಿದ ಮಂಡಳಿಗೆ ಊರಿನ ಆರಾಧ್ಯಮೂರ್ತಿಯಾದ ಚನ್ನಬಸವೇಶ್ವರಸ್ವಾಮಿಯ ಹೆಸರನ್ನಿಟ್ಟರು. ೧೯೧೭ರಲ್ಲಿ ಅದರ ಒಡೆತನ ವೀರಣ್ಣನವರ ಕೈಗೆ ಬಂದಿತು. ಅವರು ೧೯೩೪ರಲ್ಲಿ ಬೆಂಗಳೂರಿನಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನು ತಂದು ವಿಶಾಲವಾದ ರಂಗದಲ್ಲಿ ಆಡಿಸಿದ ವೃತ್ತಾಂತವನ್ನು ನಮ್ಮ ಹಿರಿಯರು ಕಣ್ಣರಳಿಸಿ ಹೇಳುತ್ತಿದ್ದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸುವ ಕ್ರಮಕ್ಕೂ ಈ ಕಂಪನಿ ಬಲಕೊಟ್ಟಿತು, ಬಿ. ಜಯಮ್ಮನವರಂಥ ನಟಿಯರು ಅಲ್ಲಿ ಕೀರ್ತಿಯನ್ನು ಪಡೆದರು. ವೀರಣ್ಣನವರು ಲಿಂಗೈಕ್ಯರಾದುದು ೧೯೭೨ರಲ್ಲಿ. ಇಷ್ಟು ದೊಡ್ಡ ಸಂಸಾರವನ್ನು ಸಾಕಿದುದು ಯಾವುದು? ಚನ್ನಬಸವೇಶ್ವರನ ಕೃಪೆ ಎಂದು ಅವರು ಭಕ್ತಿಯಿಂದ ಹೇಳಿಕೊಂಡರು. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ನೆಲದ ಮೇಲೆ ಕುಳಿತು ನಾಟಕ ನೋಡಿದವರ ಕಾಸು. ಇವೆರಡಕ್ಕೂ ವಿರೋಧವಿಲ್ಲವೆಂದೇ ನನ್ನ ಅಭಿಪ್ರಾಯ. ದೇವರ ಕೃಪೆಯು ಬಡವನ ಕಾಸಿನ ರೂಪದಲ್ಲಿ ಬಾರದೆ ಇನ್ನಾವ ರೂಪದಲ್ಲಿ ಬರಬೇಕು?

ಗದಗಿನ ವೃತ್ತಾಂತದಲ್ಲಿ ಈ ಪದವು ಪೂರ್ತಿಯಾಗಿ ತಲೆಕೆಳಗಾಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳವರ (೧೮೬೭–೧೯೩೦) ಕೃಪೆಯಲ್ಲಿ ಬೆಳೆದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹುಟ್ಟುಕುರುಡರು. ತಮ್ಮಂತೆಯೇ ಕಣ್ಣಿಲ್ಲದ ಬಡಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಕಲಿಸುತ್ತ ಊರೂರು ತಿರುಗಿದರು. ಆ ಮಕ್ಕಳ ಹೊಟ್ಟೆಗೆ ಪ್ರತಿದಿನವೂ ಆಗಬೇಕಲ್ಲವೆ? ಅದಕ್ಕಾಗಿ ಗುರುಕುಮಾರೇಶ್ವರರ ಹೆಸರಿನಲ್ಲಿ ನಾಟ್ಯಸಂಘವೊಂದನ್ನು ಕಟ್ಟಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ತಾವೂ ಕಣ್ಣಿಲ್ಲದವರಾಗಿದ್ದು ಆ ಸಂಘಕ್ಕೆ ನಾಟಕಗಳನ್ನು ರಚಿಸಿದರು, ಹಾಡುಗಳಿಗೆ ರಾಗ ಕೂಡಿಸಿದರು, ತಾವೇ ವಾದ್ಯಗಳನ್ನು ನುಡಿಸಿದರು. ಅಲ್ಲಿ ಹೆಸರು ಮಾತ್ರ ಕೃಪಾಪೋಷಿತ ನಾಟ್ಯಸಂಘ. ನಿಜವಾಗಿ ನಾಟಕದಿಂದ ಪೋಷಿತವಾದುದು ಆಶ್ರಮ. ಬಣ್ಣ ಹಚ್ಚಿದವರ ದುಡಿಮೆಯಿಂದ ಕಣ್ಣಿಲ್ಲದ ಮಕ್ಕಳು ಉಂಡು ವಿದ್ಯಾವಂತರಾದರು. ನಟನ ಅನ್ನವನ್ನು ಉಣ್ಣಬಾರದೆಂದ ಸ್ಮೃತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಇಲ್ಲಿ ಗುಬ್ಬಿಯಂಥ ದೊಡ್ಡ ಕಂಪನಿ ಹುಟ್ಟಿ ಬೆಳೆಯಲಿಲ್ಲ. ಹಳ್ಳಿಹಳ್ಳಿಯೂ ತಾನೇ ಕಂಪನಿಯಾಯಿತು. ಅದಕ್ಕೆ ಕಾರಣವನ್ನು ಹುಡುಕಿದರೆ ಇಲ್ಲಿಯ ಬೆಟ್ಟಗುಡ್ಡಗಳ ಸ್ಥಳಪುರಾಣಗಳೇ ಮೊದಲು ಎದುರಾಗುವುವು. ಮುಳಬಾಗಿಲು ತಾಲ್ಲೂಕಿನ ಆವನಿಯನ್ನು ವಾಲ್ಮೀಕಿಗಳ ಆಶ್ರಮವೆಂದೂ, ಸೀತಾದೇವಿಯು ಲವಕುಶರನ್ನು ಹೆತ್ತ ಸ್ಥಳವೆಂದೂ ಜನರು ನಂಬಿದ್ದಾರೆ. ಬೆಟ್ಟದ ಮೇಲೆ ಸೀತಮ್ಮನ ಗುಡಿ. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರಾಲಯಗಳು. ಇದೇ ಆವನಿಯಲ್ಲಿ ಹತ್ತನೆಯ ಶತಮಾನದಲ್ಲಿ ತ್ರಿಭುವನಕರ್ತರೆಂಬ ಶೈವಯತಿಗಳು ನಾಲ್ವತ್ತು ವರ್ಷಕಾಲ ಸ್ಥಾನವನ್ನಾಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ೯೬೧ರಲ್ಲಿ ದೇಹವನ್ನು ಬಿಟ್ಟರೆಂದು ಶಾಸನವು ಹೇಳುತ್ತದೆ. ಮಠಾಧಿಪತಿಯಾದವನು ಕೆರೆಯನ್ನೂ ಕಟ್ಟಿಸಬೇಕೆಂಬುದಕ್ಕೆ ಇದು ನಮ್ಮ ಮನೆಬಾಗಿಲಿನ ನಿದರ್ಶನವಾದ್ದರಿಂದ ಪ್ರಸಂಗವಶಾತ್ ಹೇಳಿದೆನು. ಮುಳಬಾಗಿಲು ಪಟ್ಟಣದ ಆಂಜನೇಯನನ್ನು ಭಾರತಯುದ್ಧವು ಮುಗಿದ ಮೇಲೆ ಅರ್ಜುನನೇ ಪ್ರತಿಷ್ಠಿಸಿದನೆಂಬುದು ಐತಿಹ್ಯ. ರಥದ ಧ್ವಜದಲ್ಲಿದ್ದವನು ಇಲ್ಲಿ ನೆಲೆನಿಂತನು. ಕೋಲಾರದ ಶತಶೃಂಗ ಪರ್ವತವು ಜಮದಗ್ನಿ, ರೇಣುಕೆ, ಕಾರ್ತವೀರ್ಯಾರ್ಜುನ, ಪರಶುರಾಮರ ಕಥೆಗೆ ಸೇರಿದುದು. ಕಾರ್ತವೀರ್ಯನ ವಧೆಯ ಕೋಲಾಹಲದಿಂದಲೇ ಊರಿಗೆ ಹೆಸರಾಯಿತೆಂದು ಹೇಳುವವರುಂಟು.

ಈಗ ಗೋಡೆಯ ಮೇಲಿನ ಕಾಗದಗಳನ್ನು ಮತ್ತೊಮ್ಮೆ ನೋಡಿರಿ. ಲವಕುಶ, ಕುರುಕ್ಷೇತ್ರ, ರೇಣುಕಾ ಮಹಾತ್ಮೆ! ಈ ನಾಟಕಗಳು ಬೇರೆ ಸೀಮೆಗಳಲ್ಲಿಯೂ ನಡೆಯುವುವು, ನಿಜ. ಆದರೆ ಆವನಿಯ ಸುತ್ತಿನ ರೈತನು ರಾಮನ ಅಶ್ವವನ್ನು ಕಟ್ಟಿಹಾಕುವ ಲವನ ಪಾತ್ರವನ್ನು ನೋಡುವಾಗ, ಆ ಕುದುರೆಯನ್ನು ಕಟ್ಟಿದ ಬೆಟ್ಟವು ತನ್ನ ಹೊಲದಿಂದ ಕಾಣುವುದೆಂಬ ಅಭಿಮಾನದಿಂದ ನೋಡುತ್ತಾನೆ. ಮಾಲೂರಿಗೆ ಮಾತ್ರ ಇಂಥ ಪುರಾಣದ ಹಂಗು ಕಡಮೆ. ಅದಕ್ಕೆ ಬದಲಾಗಿ ಆ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ೧೮೯೧ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಯಶೋಧರಾ’, ‘ಕಾಕನಕೋಟೆ’, ‘ತಾಳೀಕೋಟೆ’ಗಳನ್ನು ಬರೆದುಕೊಟ್ಟರು. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಿಸಿದರು. ಈ ಇಬ್ಬರು ಮಹನೀಯರ ನಾಟಕಗಳು ನಗರದ ವಿದ್ಯಾವಂತರಲ್ಲಿ ಬಾಳಿದಷ್ಟು ಅವರ ಹುಟ್ಟೂರಿನ ಕಣಗಳಲ್ಲಿ ಬಾಳಲಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ.

ನಮ್ಮ ಹಳ್ಳಿಯ ನಾಟಕದ ಕ್ರಮವನ್ನು ಅರಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಒಬ್ಬ ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡುವರು. ಅವರು ಎರಡು ಮೂರು ತಿಂಗಳು ಊರಿನಲ್ಲಿಯೇ ಬಿಡಾರಮಾಡಿ, ಸರದಿಯ ಮನೆಗಳಲ್ಲಿ ಉಂಡು, ರಾತ್ರಿಯ ವೇಳೆ ಭಜನೆಯ ಮನೆಯಲ್ಲಿಯೋ ಶಾಲೆಯ ಜಗಲಿಯಲ್ಲಿಯೋ ಕಲಿಸುವರು. ಹಗಲೆಲ್ಲ ನೇಗಿಲು ಹಿಡಿದವನು ರಾತ್ರಿ ಕಂದಪದ್ಯವನ್ನೂ ಸೀಸಪದ್ಯವನ್ನೂ ಗಟ್ಟಿಮಾಡುವನು. ಅಕ್ಷರ ಬಾರದವನು ಪಕ್ಕದವನಿಂದ ಓದಿಸಿಕೊಂಡು ಕೇಳಿಯೇ ಕಲಿಯುವನು. ಅಂಥವನೇ ಆಟದ ದಿನ ತಡವರಿಸದೆ ನುಡಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪಾತ್ರಧಾರಿಗೆ ಸಂಭಾವನೆ ದೊರೆಯುವುದಿರಲಿ, ಪಾತ್ರಕ್ಕೆ ಅವನೇ ಹಣ ಕೊಡಬೇಕು. ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು, ಕೃಷ್ಣನಿಗೂ ಹೆಚ್ಚು, ವಿದುರನಿಗೆ ಸ್ವಲ್ಪ ಕಡಮೆ. ಇದರಿಂದ ಆಗುವ ಅನರ್ಥವೂ ಉಂಟು. ಕಂಠವಿಲ್ಲದ ಧನಿಕನು ಕಿರೀಟ ಧರಿಸಿ ನಿಲ್ಲುವನು. ಕಂಠವುಳ್ಳ ಕುರಿ ಕಾಯುವ ಹುಡುಗನು ದ್ವಾರಪಾಲಕನಾಗಿ ಭಲ್ಲೆ ಹಿಡಿದು ನಿಲ್ಲುವನು. ಒಮ್ಮೆ ಕರ್ಣನ ಪಾತ್ರಧಾರಿಯು ಪದ್ಯವನ್ನು ಮರೆತಾಗ ಭಲ್ಲೆಯವನು ಹಿಂದಿನಿಂದ ಅದನ್ನು ಹಾಡಿ ಮುಗಿಸಿದನು. ಜನರು ಆ ಸಾಲಿಗೇ ‘ವನ್ಸ್ ಮೋರ್’ ಕೂಗಿದರು.

ಭಾಷೆಯ ಸಂಗತಿಯೂ ಸ್ವಾರಸ್ಯವಾದುದು. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಯವು; ಎಷ್ಟೋ ಮನೆಗಳ ಮಾತು ತೆಲುಗು. ತಿರುಪತಿ ವೆಂಕಟಕವಿಗಳೆಂದು ಹೆಸರಾದ ಇಬ್ಬರು ವಿದ್ವಾಂಸರ ಭಾರತನಾಟಕಗಳ ಪದ್ಯಗಳು ಗಡಿಯಾಚೆಯಿಂದ ಬಂದು ಇಲ್ಲಿಯ ಕೃಷ್ಣನ ಬಾಯಲ್ಲಿಯೂ ಕುಳಿತಿವೆ. ಮಾತು ಕನ್ನಡದಲ್ಲಿ, ನಡುವೆ ಒಂದು ಪದ್ಯ ತೆಲುಗಿನಲ್ಲಿ. ಇದರಿಂದ ಯಾರಿಗೂ ಮನಸ್ಸು ಕೆಟ್ಟುದನ್ನು ನಾನು ಕಾಣೆ. ಮನೆಯಲ್ಲಿ ತೆಲುಗಾಡುವ ಹುಡುಗನು ಒತ್ತಕ್ಷರ ತಪ್ಪದೆ ಕನ್ನಡ ನುಡಿಯಲು ಕಲಿತುದು ಅನೇಕ ಸಂದರ್ಭಗಳಲ್ಲಿ ಭೀಮನ ಪಾತ್ರದಿಂದ. ಶ್ರೀನಿವಾಸಪುರದಲ್ಲಿ ನಾಟಕಕಾಲವು ಬೇಗ ಮುಗಿಯುವುದು; ಮಾವಿನಕಾಯಿ ಬಲಿತು ತೋಟದ ಕಾವಲು ಮೊದಲಾದರೆ ದುರ್ಯೋಧನನೂ ಧರ್ಮರಾಯನೂ ಮರದ ಕೆಳಗೆ ಮಲಗಬೇಕಾಗುವುದು.

ಹಳ್ಳಿಯ ನಾಟಕದಲ್ಲಿ ಕೂಲಿಗಾಗಿ ಬರುವವರು ಮೂವರೇ ಬಗೆಯವರು: ಮೇಷ್ಟರು, ಪರದೆ ಉಡುಪುಗಳನ್ನು ಬಾಡಿಗೆಗೆ ತರುವವರು, ಸ್ತ್ರೀಪಾತ್ರದ ಕಲಾವಿದೆಯರು. ಮೊದಲಿನ ಇಬ್ಬರಿಗೆ ಊರಿನಲ್ಲಿ ಮಲಗಲು ಸ್ಥಳವು ಸಿಕ್ಕುವುದು. ಮೂರನೆಯವರ ವಿಷಯವಾಗಿ ನಾನು ಒಂದು ಸಂಗತಿಯನ್ನು ಇಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಸುಮಾರು ೩೫ ವರ್ಷಗಳ ಹಿಂದೆ, ನಾನಿನ್ನೂ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಬೇರೊಂದು ಊರಿನ ಮಠದಲ್ಲಿ ಕೆಲವು ಕಾಲ ವಾಸವಾಗಿದ್ದೆನು. ಮಠದ ಎದುರಿನ ಬಯಲಿನಲ್ಲಿಯೇ ಕುರುಕ್ಷೇತ್ರದ ರಂಗವನ್ನು ಹಾಕಿದ್ದರು. ಕರಪತ್ರದಲ್ಲಿ ಮಠದ ಗುರುಗಳ ಹೆಸರು, ‘ಕೃಪಾಪೋಷಿತ’ ಎಂಬ ಪದ, ಎಲ್ಲವೂ ಇದ್ದುವು. ಸಂಜೆಯ ಬಸ್ಸಿನಲ್ಲಿ ಬೆಂಗಳೂರಿನ ಕಡೆಯಿಂದ ಇಬ್ಬರು ಕಲಾವಿದೆಯರು ಬಂದಿಳಿದರು. ಒಬ್ಬರು ನಡುವಯಸ್ಸಿನವರು, ದ್ರೌಪದಿ. ಇನ್ನೊಬ್ಬಳು ಹುಡುಗಿ, ಉತ್ತರೆ. ಬಣ್ಣ ಹಾಕಿಕೊಳ್ಳುವುದಕ್ಕೆ ಮಠದ ಹೊರಗಿನ ಕೊಠಡಿಯೊಂದನ್ನು ಬಿಟ್ಟುಕೊಡಬೇಕೆಂದು ಮಂಡಳಿಯವರು ಕೇಳಿದರು. ಮೇಲ್ವಿಚಾರಣೆಯಲ್ಲಿದ್ದ ಹಿರಿಯರು ಒಪ್ಪಲಿಲ್ಲ. ನಟಿಯರು ಮಠದ ಹೊಸ್ತಿಲನ್ನು ದಾಟತಕ್ಕದ್ದಲ್ಲವೆಂದರು. ಆ ಮಾತನ್ನು ಹೊರಗೆ ಹೋಗಿ ಅವರಿಗೆ ತಿಳಿಸಿದವನು ನಾನು. ತಿಳಿಸುವಾಗ ನನಗೆ ಸಂಕೋಚವಾಯಿತೆಂದು ಈಗ ಬರೆದರೆ ಅದು ಸುಳ್ಳಾಗುವುದು. ಧರ್ಮವನ್ನು ಕಾಪಾಡಿದೆನೆಂಬ ಹೆಮ್ಮೆಯಿಂದಲೇ ಹೇಳಿದೆನು.

ಅವರು ಪಕ್ಕದ ದನದ ಕೊಟ್ಟಿಗೆಯಲ್ಲಿ ಲಾಂದ್ರದ ಬೆಳಕಿನಲ್ಲಿ ಬಣ್ಣ ಹಾಕಿಕೊಂಡರು. ಆ ರಾತ್ರಿ ಆ ತಾಯಿಯು ದ್ರೌಪದಿಯಾಗಿ ಬಿಚ್ಚಿದ ಮುಡಿಯಲ್ಲಿ ನಿಂತು ಕೃಷ್ಣನನ್ನು ಪ್ರಶ್ನಿಸುವಾಗ ಬಯಲಿನಲ್ಲಿ ಕೂಸುಗಳ ಅಳುವೂ ನಿಂತಿತ್ತು. ಕೊಠಡಿ ಕೊಡದ ನಮ್ಮ ಹಿರಿಯರು ಜಗಲಿಯ ಮೇಲೆ ಕುಳಿತು ಕಣ್ಣೊರಸಿಕೊಂಡುದನ್ನು ನೋಡಿದೆನು. ಬೆಳಗಿನ ಜಾವ ನಾನು ಬಾವಿಯಿಂದ ನೀರು ಸೇದುತ್ತಿರುವಾಗ ಆಕೆ ಸ್ವಲ್ಪ ದೂರದಲ್ಲಿ ಬಂದು ನಿಂತರು. ಒಂದು ಬಿಂದಿಗೆ ನೀರನ್ನು ಕೊಟ್ಟೆನು. ಮುಖ ತೊಳೆದುಕೊಂಡು, ಸೆರಗಿನಿಂದ ಒರಸಿಕೊಂಡು, “ಅಯ್ನೋರೇ, ಹಣೆಗೆ ಇಟ್ಕೊಳ್ಳೋಕೆ ಒಂದಿಷ್ಟು ಇಬೂತಿ ಸಿಕ್ಕೀತಾ?” ಎಂದು ಕೇಳಿದರು. ನಾನು ಒಳಗೆ ಹೋಗಿ ತಂದುಕೊಟ್ಟೆನು. ಹೊಸ್ತಿಲ ಆಚೆಯೇ ನಿಂತು ಕೈಚಾಚಿ ತೆಗೆದುಕೊಂಡು, ಹುಡುಗಿಯ ಹಣೆಗೆ ಮೊದಲು ಇಟ್ಟು, ಆಮೇಲೆ ತಾವು ಇಟ್ಟುಕೊಂಡು, ಮೊದಲನೆಯ ಬಸ್ಸಿಗೆ ಹೊರಟುಹೋದರು. ಹಲವು ವರ್ಷಗಳ ಮೇಲೆ ಬಹುರೂಪಿ ಚೌಡಯ್ಯನವರ ವಚನಗಳನ್ನು ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಅಂದು ಮೊದಲ ಪುಟವನ್ನು ತೆರೆದು ಹುಡುಗರ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

ಎಲ್ಲ ಮಠಗಳೂ ಹಾಗೆಯೇ ಇದ್ದುವೆಂದು ಹೇಳಿದರೆ ಅನ್ಯಾಯವಾಗುವುದು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರು (೧೯೧೪–೧೯೯೨) ‘ಮರಣವೇ ಮಹಾನವಮಿ’, ‘ಶರಣಸತಿ ಲಿಂಗಪತಿ’, ‘ವಿಶ್ವಬಂಧು ಮರುಳಸಿದ್ಧ’ ಎಂಬ ನಾಟಕಗಳನ್ನು ತಾವೇ ರಚಿಸಿ ಆಡಿಸಿದರು. ಅವರ ಹೆಸರಿನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮಿಗಳವರು ೧೯೮೭ರಲ್ಲಿ ಕಲಾಸಂಘವನ್ನು ಸ್ಥಾಪಿಸಿ, ೧೯೯೭ರಿಂದ ‘ಶಿವಸಂಚಾರ’ವೆಂಬ ತಿರುಗಾಟವನ್ನು ನಡೆಸಿಕೊಂಡು ಬಂದಿದ್ದಾರೆ. ರಾಜ್ಯೋತ್ಸವದ ಸುಮಾರಿಗೆ ಮಠದ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ. ತರುವಾಯ ಆ ವರ್ಷಕ್ಕೆಂದು ಕಲಿತ ಮೂರು ನಾಟಕಗಳೊಡನೆ ನಾಡಿನ ಸಂಚಾರ. ಕಲಾವಿದರೂ ಕಲಾವಿದೆಯರೂ ಅಲ್ಲಿ ಮಠದ ಆವರಣದಲ್ಲಿಯೇ ಉಳಿದು, ಕಲಿತು, ಮಠದಲ್ಲಿಯೇ ಉಣ್ಣುವರು. ‘ಕೃಪಾಪೋಷಿತ’ ಎಂಬ ತತ್ಪುರುಷವು ಅಕ್ಷರಾರ್ಥದಲ್ಲಿ ಸಲ್ಲುವ ಸ್ಥಳವೆಂದರೆ ಅದು. ನಮ್ಮ ಕೋಲಾರದಲ್ಲಿಯೂ ಶತಶೃಂಗದ ಮೇಲಣ ತೇರಹಳ್ಳಿಯಲ್ಲಿ ‘ಆದಿಮ’ದವರು ಈ ಶತಮಾನದ ಮೊದಲ ದಶಕದಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ನಾಟಕಗಳನ್ನು ನಡೆಸಲು ತೊಡಗಿದರು. ಯಾವ ಪೀಠದ ಹೆಸರನ್ನೂ ಹೇಳಿಕೊಳ್ಳದೆ, ದಲಿತ ಬಂಧುಗಳ ಮುಂದಾಳುತನದಲ್ಲಿ, ತಮ್ಮ ತಮ್ಮ ಗಳಿಕೆಯಿಂದ ಕಾಸು ಕಾಸು ಉಳಿಸಿ ಅದನ್ನು ಕಟ್ಟಿದರು.

ಮುಂಬರುವ ಕಾಲದಲ್ಲಿಯೂ ಕುರುಕ್ಷೇತ್ರಗಳೇ ಹೆಚ್ಚಾಗಿ ನಡೆಯುವುವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ನಾನು ಆಕ್ಷೇಪಿಸುವವನಲ್ಲ. ಶಿವರಾತ್ರಿಯ ಸುಮಾರಿಗೆ ಆವನಿಯ ಜಾತ್ರೆಗೆ ದನಗಳೊಡನೆ ಜನವೂ ಕೂಡುವಾಗ ಯಾವುದಾದರೊಂದು ಮಂಡಳಿಯವರು ಬಹುರೂಪಿ ಚೌಡಯ್ಯನವರನ್ನೋ ನಗೆಯ ಮಾರಿತಂದೆಗಳನ್ನೋ ರಂಗದ ಮೇಲೆ ತಂದರೆ ಪದ್ಯಗಳನ್ನು ಹೊಂದಿಸಿಕೊಡಲು ನಾನು ಸಿದ್ಧನಿದ್ದೇನೆ. ಹಾರ್ಮೋನಿಯಂ ಮೇಷ್ಟರು ಒಪ್ಪಿದರೆ ಸಾಕು.

ಶ್ರೀಮಠದ ದಾಸೋಹಶಾಲೆಯ ಹಿಂದೆ ಬಾವಿಗೆ ಸಮೀಪವಾಗಿ ಎರಡು ಕೊಠಡಿಗಳಿವೆ. ಅವುಗಳಲ್ಲಿ ಕನ್ನಡಿಯನ್ನೂ ದೀಪವನ್ನೂ ಇರಿಸಿ, ಒಳಗಿನಿಂದ ಹಾಕಿಕೊಳ್ಳುವಂತೆ ಅಗುಳಿಯನ್ನು ಹೊಸದಾಗಿ ಮಾಡಿಸಿದೆ. ನಾಟಕವಾಡಿಸುವ ಊರಿನವರು ಮೂರು ದಿನ ಮುಂಚಿತವಾಗಿ ತಿಳಿಸಿದರೆ ಕಲಾವಿದೆಯರಿಗೆ ಬಿಸಿನೀರೂ ಪ್ರಸಾದವೂ ಸಿದ್ಧವಾಗಿರುವುವು. ಬೀಗದಕೈ ನನ್ನ ಬಳಿಯಲ್ಲಿರುತ್ತದೆ. ರಾತ್ರಿ ಎಷ್ಟು ಹೊತ್ತಾದರೂ ಕರೆಯಬಹುದು.